ಜೇಮ್ಸ್ ಅಶರ್: ವಂಶಾವಳಿ, ವಾಗ್ದಾನ ಮತ್ತು ಕಾಲಗಣನೆ

ಬೈಬಲ್ ಅಧ್ಯಯನದ ಚರಿತ್ರೆಯಲ್ಲಿ ಜೇಮ್ಸ್ ಅಶರ್ ಅವರ ಹೆಸರು ಒಂದೇ ಒಂದು ಇಸವಿಗೆ ಅಂಟಿಕೊಂಡಿದೆ. ಜಗತ್ತಿನ ಸೃಷ್ಟಿ ಕ್ರಿ.ಪೂ. ೪೦೦೪ರಲ್ಲಿ ನಡೆಯಿತೆಂದು ಲೆಕ್ಕ ಹಾಕಿದವರು ಎಂಬಷ್ಟಕ್ಕೇ ಅವರ ಪರಿಚಯ ಸೀಮಿತವಾಗಿದೆ. ಆದರೆ ಆ ಗಣನೆಯ ಒಳಗೆ ಇನ್ನೊಂದು ಪ್ರಶ್ನೆಯೂ ಅಡಗಿತ್ತು. ದೇವರು ಅಬ್ರಹಾಮನಿಗಿತ್ತ ವಾಗ್ದಾನಕ್ಕೂ ವಂಶಾವಳಿಗಳು ಕೊಡುವ ವರ್ಷಗಳಿಗೂ ಇರುವ ಸಂಬಂಧವೇ ಆ ಪ್ರಶ್ನೆ.

ಅಶರ್ ೧೫೮೧ರ ಜನವರಿ ೪ರಂದು ಡಬ್ಲಿನ್ನಿನಲ್ಲಿ ಜನಿಸಿದರು. ೧೫೯೪ರಲ್ಲಿ ಅಲ್ಲಿನ ಟ್ರಿನಿಟಿ ಕಾಲೇಜು ತೆರೆದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿ ಸೇರಿದರು. ೧೬೦೭ರಲ್ಲಿ ಅಲ್ಲಿಯೇ ದೇವತಾಶಾಸ್ತ್ರದ ಪ್ರಾಧ್ಯಾಪಕರಾದರು. ೧೬೨೧ರಲ್ಲಿ ಮೀಥ್‌ನ ಬಿಷಪ್ ಆಗಿ, ೧೬೨೫ರಲ್ಲಿ ಆರ್ಮಾದ ಆರ್ಚ್‌ಬಿಷಪ್ ಆಗಿ ನೇಮಕಗೊಂಡರು. ಐರ್ಲೆಂಡಿನ ಪ್ರಾಟೆಸ್ಟಂಟ್ ಸಭೆಯ ೧೬೧೫ರ ವಿಶ್ವಾಸಸೂತ್ರಗಳ ರಚನೆಯಲ್ಲಿ ಅವರದು ಪ್ರಮುಖ ಪಾತ್ರವೆಂದು ವಿದ್ವಾಂಸರು ಭಾವಿಸುತ್ತಾರೆ. ಆದಿಮಾನವನೊಡನೆ ದೇವರು ಮಾಡಿದ ಒಡಂಬಡಿಕೆಯ ಪರಿಕಲ್ಪನೆ ಈ ಸೂತ್ರಗಳಲ್ಲಿಯೇ ಸ್ಥಾನ ಪಡೆಯಿತು. ವಾಗ್ದಾನದ ವ್ಯಾಪ್ತಿಯನ್ನು ಕುರಿತು ಚಿಂತಿಸಿದ ಇದೇ ಅಶರ್, ೧೬೨೬ರಲ್ಲಿ ಕ್ಯಾಥೊಲಿಕರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಡುವುದನ್ನು ವಿರೋಧಿಸಿದ ಬಿಷಪ್ಪರ ಮುಂದಾಳಾಗಿದ್ದರೆಂಬುದನ್ನು ಮರೆಯುವಂತಿಲ್ಲ.

ಆದಿಕಾಂಡದ ೫ ಮತ್ತು ೧೧ನೆಯ ಅಧ್ಯಾಯಗಳು ಮಗ ಹುಟ್ಟಿದಾಗ ತಂದೆಗೆ ಎಷ್ಟು ವಯಸ್ಸಾಗಿತ್ತು ಎಂಬುದನ್ನು ಹೇಳುತ್ತವೆ. ಹೀಬ್ರೂ ಪಾಠದಲ್ಲಿ ಸೃಷ್ಟಿಯಿಂದ ಜಲಪ್ರಳಯದವರೆಗೆ ೧೬೫೬ ವರ್ಷಗಳಾಗುತ್ತವೆ. ಗ್ರೀಕ್ ಅನುವಾದದಲ್ಲಿ ಈ ಅವಧಿ ಸುಮಾರು ೬೦೦ ವರ್ಷ ಹೆಚ್ಚು. ಸಮಾರ್ಯರ ಪಾಠದಲ್ಲಿ ಸುಮಾರು ೩೫೦ ವರ್ಷ ಕಡಿಮೆ. ಅಶರ್ ಅಲೆಪ್ಪೊದಲ್ಲಿದ್ದ ವರ್ತಕರೊಬ್ಬರ ಮೂಲಕ ಸಮಾರ್ಯರ ಹಸ್ತಪ್ರತಿಗಳನ್ನು ತರಿಸಿಕೊಂಡರಾದರೂ ಗಣನೆಗೆ ಆರಿಸಿಕೊಂಡದ್ದು ಹೀಬ್ರೂ ಪಾಠವನ್ನು.

ಈ ಗಣನೆಯ ಕಠಿಣ ಗಂಟು ಇರುವುದು ಅಬ್ರಹಾಮನ ಜನನದಲ್ಲಿ. ತೆರಹನಿಗೆ ೭೦ ವರ್ಷವಾದ ಮೇಲೆ ಮೂವರು ಮಕ್ಕಳಾದರೆಂದು ಆದಿಕಾಂಡ ಹೇಳುತ್ತದೆ. ಅವನು ೨೦೫ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಂದೆ ಸತ್ತ ನಂತರವೇ ಅಬ್ರಹಾಮನು ಹೊರಟನೆಂಬುದು ಅಪೊಸ್ತಲರ ಕೃತ್ಯಗಳಲ್ಲಿ ಬರುವ ಸ್ತೆಫನನ ಮಾತು. ಆಗ ಅಬ್ರಹಾಮನ ವಯಸ್ಸು ೭೫. ಆದ್ದರಿಂದ ಅಬ್ರಹಾಮ ಹುಟ್ಟಿದಾಗ ತೆರಹನಿಗೆ ೧೩೦ ವರ್ಷವಾಗಿರಬೇಕೆಂದು ಅಶರ್ ನಿರ್ಣಯಿಸಿದರು. ಇದರಂತೆ ಅಬ್ರಹಾಮನ ಕರೆ ಕ್ರಿ.ಪೂ. ೧೯೨೧ಕ್ಕೆ, ಈಜಿಪ್ಟಿನಿಂದ ಬಿಡುಗಡೆ ಕ್ರಿ.ಪೂ. ೧೪೯೧ಕ್ಕೆ ನಿಲ್ಲುತ್ತವೆ. ನಡುವಿನ ಅಂತರ ಸರಿಯಾಗಿ ೪೩೦ ವರ್ಷ. ವಾಗ್ದಾನವಾದ ೪೩೦ ವರ್ಷಗಳ ಬಳಿಕ ಬಂದ ಧರ್ಮಶಾಸ್ತ್ರವು ಮೊದಲಿನ ವಾಗ್ದಾನವನ್ನು ರದ್ದುಮಾಡಲಾರದೆಂಬ ಪೌಲನ ವಾದಕ್ಕೆ ಹೀಗೆ ಕಾಲದ ಆಧಾರ ಒದಗಿತು.

ಈ ವಿದ್ವತ್ತು ನೆಮ್ಮದಿಯ ಬದುಕಿನಲ್ಲಿ ಬೆಳೆದುದಲ್ಲ. ೧೬೪೦ರಲ್ಲಿ ಇಂಗ್ಲೆಂಡಿಗೆ ಹೋದ ಅಶರ್ ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ೧೬೪೧ರ ಐರಿಷ್ ದಂಗೆಯಲ್ಲಿ ಆಸ್ತಿ, ಆದಾಯಗಳು ಹೋದವು. ಗ್ರಂಥಭಂಡಾರ ಮಾತ್ರ ಉಳಿಯಿತು. ೧೬೪೫ರಲ್ಲಿ ವೇಲ್ಸ್‌ನಲ್ಲಿ ದಾರಿಮಧ್ಯೆ ಅವರ ಪುಸ್ತಕ, ಟಿಪ್ಪಣಿಗಳು ಲೂಟಿಯಾದವು. ಬಹುಪಾಲು ಹಿಂದಿರುಗಿ ಬಂದವು. ಇಂಥ ಸ್ಥಿತಿಯಲ್ಲಿಯೂ ೧೬೪೪ರಲ್ಲಿ ಸಂತ ಇಗ್ನೇಷಿಯಸನ ಪತ್ರಗಳಲ್ಲಿ ಮೂಲವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸುವ ಮಹತ್ವದ ಕೃತಿಯನ್ನು ಅವರು ಹೊರತಂದರು. ಲ್ಯಾಟಿನ್ನಿನಲ್ಲಿ ಬರೆದ ಕಾಲಗಣನೆಯ ಮೊದಲ ಭಾಗ ೧೬೫೦ರಲ್ಲಿ, ಎರಡನೆಯದು ೧೬೫೪ರಲ್ಲಿ ಪ್ರಕಟವಾದವು. ೧೬೫೬ರ ಮಾರ್ಚ್ ೨೧ರಂದು ರೈಗೇಟ್‌ನಲ್ಲಿ ಅವರು ತೀರಿಕೊಂಡರು. ರಾಜಪಕ್ಷಪಾತಿಯಾಗಿದ್ದ ಅವರಿಗೆ ಕ್ರಾಮ್‌ವೆಲ್ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಗೌರವದ ಅಂತ್ಯಕ್ರಿಯೆ ನಡೆಸಿದನು. ಗ್ರಂಥಭಂಡಾರ ಮುಂದೆ ಟ್ರಿನಿಟಿ ಕಾಲೇಜನ್ನು ಸೇರಿತು.

೧೭೦೧ರಿಂದ ಅಶರ್ ಗಣನೆಯನ್ನು ಆಧರಿಸಿದ ಇಸವಿಗಳು ಇಂಗ್ಲಿಷ್ ಬೈಬಲಿನ ಅಂಚುಗಳಲ್ಲಿ ಅಚ್ಚಾಗತೊಡಗಿದವು. ಅಲ್ಲಿ ಇಸವಿ ಉಳಿಯಿತು, ಅದನ್ನು ತಲುಪಿದ ವಾದ ಮರೆಯಾಯಿತು. ಮುಂದೆ ಭೂವಿಜ್ಞಾನವು ಈ ಕಾಲಮಾನವನ್ನು ಅಸಾಧ್ಯವಾಗಿಸಿತು. ವಂಶಾವಳಿಗಳೂ ಸಂಪೂರ್ಣ ದಾಖಲೆಗಳಲ್ಲವೆಂಬುದು ಪಠ್ಯದಲ್ಲಿಯೇ ಕಾಣುತ್ತದೆ. ಮತ್ತಾಯನು ಹದಿನಾಲ್ಕು ತಲೆಮಾರುಗಳ ಮೂರು ಗುಂಪುಗಳನ್ನು ಹೊಂದಿಸುವಾಗ ಯೆಹೂದದ ಮೂವರು ಅರಸರನ್ನು ಬಿಟ್ಟಿದ್ದಾನೆ. ಹೀಬ್ರೂ ಆದಿಕಾಂಡದ ೧೧ನೆಯ ಅಧ್ಯಾಯದಲ್ಲಿಲ್ಲದ ಕಯಿನಾನನನ್ನು ಲೂಕನು ಸೇರಿಸಿದ್ದಾನೆ. ಅಬ್ರಹಾಮ, ದಾವೀದರಿಗಿತ್ತ ವಾಗ್ದಾನಗಳಿಗೆ ಯೇಸುವೇ ವಾರಸುದಾರನೆಂದು ತೋರುವುದು ಮತ್ತಾಯನ ಉದ್ದೇಶ, ವರ್ಷಗಳನ್ನು ಎಣಿಸುವುದಲ್ಲ. ಅಶರ್ ಅವರ ಗಣನೆ ಕುಸಿದುಬಿದ್ದರೂ ಕ್ರೈಸ್ತ ವಿಶ್ವಾಸದಲ್ಲಿ ವಂಶಾವಳಿಗಳು ಉಳಿದುಕೊಂಡದ್ದು ಈ ಕಾರಣದಿಂದಲೇ.