ದೀಪ ಹಿಡಿದ ನರ್ಸ್‌ಗೆ ಫೈಬ್ರೊಮಯಾಲ್ಜಿಯ ಇತ್ತೇ? ಶಕ್ತಿಯನ್ನು ಅಳೆದು ಬಳಸಿದ ಫ್ಲಾರೆನ್ಸ್ ನೈಟಿಂಗೇಲ್ ಕಥೆ

ಮೇ 12 ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದು, ದೀಪ ಹಿಡಿದು ನಿಂತ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರದ ಜೊತೆ ದಾದಿಯರ ದಿನದ ಶುಭಾಶಯ. ಇನ್ನೊಂದು, ಅದೇ ಚಿತ್ರದ ಕೆಳಗೆ, ಆಕೆಗೆ ಫೈಬ್ರೊಮಯಾಲ್ಜಿಯ ಇತ್ತು, ಆದರೂ ಜಗತ್ತನ್ನೇ ಬದಲಿಸಿದರು, ನೀವೂ ಎದ್ದು ಕೆಲಸ ಮಾಡಿ ಎಂಬ ಅರ್ಥದ ಬರಹ.

ಮೊದಲನೆಯದರಲ್ಲಿ ತಪ್ಪೇನಿಲ್ಲ. ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸಿತು ನಮಗೆ. ಯಾಕೆಂದರೆ ಅದನ್ನು ಓದುವವರಲ್ಲಿ ನಿಜವಾಗಿಯೂ ಮೈಯೆಲ್ಲ ನೋವಿರುವವರು ಇದ್ದಾರೆ. ಶಿಕಾರಿಪುರದಲ್ಲೋ ಸೊರಬದಲ್ಲೋ ಒಬ್ಬ ಹೆಂಗಸು ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿ, ಏನೂ ಇಲ್ಲ ಅನ್ನಿಸಿಕೊಂಡು ಮನೆಗೆ ಬಂದಿರುತ್ತಾರೆ. ಕೆಲಸ ತಪ್ಪಿಸಲು ನಾಟಕ ಎಂಬ ಮಾತು ಮನೆಯಲ್ಲೇ ಕೇಳಿರುತ್ತಾರೆ. ಅವರ ಮೊಬೈಲಿಗೆ ಈ ಸಂದೇಶ ಬಂದರೆ ಅದು ಧೈರ್ಯ ಹೇಳಿದಂತಾಗದೆ ಚುಚ್ಚಿದಂತಾಗುತ್ತದೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ. ನೈಟಿಂಗೇಲ್‌ಗೆ ಫೈಬ್ರೊಮಯಾಲ್ಜಿಯ ಇತ್ತು ಎನ್ನಲು ಪುರಾವೆ ಇಲ್ಲ. ಆ ಹೆಸರು ವೈದ್ಯಕೀಯದಲ್ಲಿ ಬಳಕೆಗೆ ಬಂದದ್ದೇ 1976ರ ಹೊತ್ತಿಗೆ, ಆಕೆ ತೀರಿಕೊಂಡದ್ದು 1910ರಲ್ಲಿ. ಆದರೆ ಆಕೆಗೆ ದಶಕಗಳ ಕಾಲ ನೋವು, ಸುಸ್ತು ಇದ್ದದ್ದು ನಿಜ. ಅದರೊಳಗೇ ಕೆಲಸ ಮಾಡಲು ಆಕೆ ಕಂಡುಕೊಂಡ ದಾರಿಯೂ ನಿಜ. ಆ ದಾರಿ ಫಾರ್ವರ್ಡ್ ಹೇಳುವಂಥದ್ದಲ್ಲ.

ಜ್ವರ ಹೋಯಿತು, ಸುಸ್ತು ಹೋಗಲಿಲ್ಲ

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಶ್ರೀಮಂತ ಇಂಗ್ಲಿಷ್ ಕುಟುಂಬ. ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ನರ್ಸ್ ಆಗುತ್ತೇನೆ ಅಂದಾಗ ಮನೆಯಲ್ಲಿ ವರ್ಷಗಟ್ಟಲೆ ಜಗಳ. ಆಗ ಅದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸವಾಗಿರಲಿಲ್ಲ. ಮದುವೆ ಬೇಡ ಅಂದರು, 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ತರಬೇತಿ ಪಡೆದರು. 1854ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ 38 ನರ್ಸ್‌ಗಳನ್ನು ಕರೆದುಕೊಂಡು ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ದೀಪದ ಕಥೆ ಅಲ್ಲಿಯದು, ಎಲ್ಲರಿಗೂ ಗೊತ್ತಿರುವುದೇ.

ಅಷ್ಟಾಗಿ ಗೊತ್ತಿಲ್ಲದ ಕಥೆ 1855ರ ಮೇ ತಿಂಗಳಲ್ಲಿ ಶುರುವಾಗುತ್ತದೆ. ಬಾಲಾಕ್ಲಾವಾ ಎಂಬಲ್ಲಿನ ಆಸ್ಪತ್ರೆಗಳನ್ನು ನೋಡಲು ಹೋದವರಿಗೆ ವಿಪರೀತ ಜ್ವರ ಬಂತು. ಸಾಯುವ ಸ್ಥಿತಿ ತಲುಪಿ ಉಳಿದುಕೊಂಡರು. ಪೂರ್ತಿ ಸುಧಾರಿಸಿಕೊಳ್ಳುವ ಮೊದಲೇ ಕೆಲಸಕ್ಕೆ ಮರಳಿದರು. 1856ರ ಆಗಸ್ಟ್‌ನಲ್ಲಿ ಇಂಗ್ಲೆಂಡಿಗೆ ಬಂದ ಮೇಲೆ ವಿಶ್ರಾಂತಿ ತೆಗೆದುಕೊಂಡರೇ ಎಂದರೆ ಅದೂ ಇಲ್ಲ. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಯಾಕೆ ಸತ್ತರು ಎಂದು ಲೆಕ್ಕ ಹಾಕಿ ತೋರಿಸುವ ದೊಡ್ಡ ವರದಿಗಾಗಿ ಹಗಲು ರಾತ್ರಿ ದುಡಿದರು. 1857ರ ಆಗಸ್ಟ್‌ನಲ್ಲಿ ಕುಸಿದುಬಿದ್ದರು. ಆಗ ವಯಸ್ಸು 37.

ಆಮೇಲೆ ಎದೆ ಬಡಿತ, ಉಸಿರಾಟದ ತೊಂದರೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮನಸ್ಸು ಕುಗ್ಗುವುದು. 1861ರ ಕೊನೆಯಿಂದ ಬೆನ್ನುಮೂಳೆಯ ಉದ್ದಕ್ಕೂ ತಡೆಯಲಾರದ ನೋವು. ಸುಮಾರು ಆರು ವರ್ಷ ಬಹುಪಾಲು ಹಾಸಿಗೆಯಲ್ಲೇ. ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗಬೇಕಾದ ದಿನಗಳೂ ಇದ್ದವು. ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ಆಕೆಯೂ ನಂಬಿದ್ದರು, ಸುತ್ತಲಿನವರೂ ನಂಬಿದ್ದರು.

ಜ್ವರ ಬಿಟ್ಟರೂ ಮೈ ಏಳುವುದಿಲ್ಲ ಎಂಬ ಅನುಭವ ಸೊರಬದವರಿಗೆ ಹೊಸದಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಬಂದು ಹೋದವರಿಗೆ ಮಾಂಸಖಂಡದ ನೋವು, ನಿಶ್ಶಕ್ತಿ ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಕಾಯಿಲೆಯೇ ಬೇರೆ, ನೈಟಿಂಗೇಲ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಜ್ವರ ಬಿಟ್ಟ ಮೇಲೂ ಕೂತಲ್ಲೇ ಕೂತವರನ್ನು ನೋಡಿದ ಊರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹಾಗಾದರೆ ಏನಾಗಿತ್ತು?

ಮನೆಯವರನ್ನು ದೂರ ಇಡಲು ಕಾಯಿಲೆಯ ನೆಪ ಹೂಡಿದರು ಎಂದು ಬರೆದ ಚರಿತ್ರಕಾರರಿದ್ದಾರೆ. ಎಲ್ಲ ಮನಸ್ಸಿನದು ಎಂದವರೂ ಇದ್ದಾರೆ. ಲಂಡನ್ನಿನ ಮಹಾಶಯರಿಗೂ ನಮ್ಮ ಪಕ್ಕದ ಮನೆಯವರಿಗೂ ಈ ವಿಷಯದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

1995ರಲ್ಲಿ ಡೇವಿಡ್ ಯಂಗ್ ಎಂಬ ಸಂಶೋಧಕರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೇರೊಂದು ವಾದ ಮಂಡಿಸಿದರು. ಆಕೆಯ ಲಕ್ಷಣಗಳು ದೀರ್ಘಕಾಲದ ಬ್ರುಸೆಲ್ಲೋಸಿಸ್‌ಗೆ ಹೊಂದುತ್ತವೆ ಎಂಬುದು ಆ ವಾದ. ಇದು ದನ, ಆಡು, ಕುರಿಗಳಿಂದ ಮನುಷ್ಯರಿಗೆ ಬರುವ ಬ್ಯಾಕ್ಟೀರಿಯಾ ಸೋಂಕು. ಅದರ ರೋಗಾಣುವನ್ನು ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ ಗುರುತಿಸಿದ್ದು 1887ರಲ್ಲಿ, ಅಂದರೆ ಆಕೆಗೆ ಜ್ವರ ಬಂದು 30 ವರ್ಷ ಕಳೆದ ಮೇಲೆ. ರಕ್ತದ ಮಾದರಿ ಏನೂ ಉಳಿದಿಲ್ಲ, ಹಾಗಾಗಿ ಇದೂ ಊಹೆಯೇ. ಆದರೆ ಬಲವಾದ ಊಹೆ.

ಇಲ್ಲಿ ಒಂದು ಅಡ್ಡ ಮಾತು. ಬ್ರುಸೆಲ್ಲೋಸಿಸ್ ನಮ್ಮ ಕಡೆಯೂ ಇದೆ. ಹಸಿ ಹಾಲಿಗೆ ಹೆಚ್ಚು ಶಕ್ತಿ ಎಂಬ ಫಾರ್ವರ್ಡ್ ನಂಬಿ ಕಾಯಿಸದೆ ಕುಡಿಯಬೇಡಿ. ದನ ಕಂದು ಹಾಕಿದಾಗ ಬರಿಗೈಯಲ್ಲಿ ಮುಟ್ಟಬೇಡಿ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಇದ್ದರೆ ಮನೆಯಲ್ಲಿ ಕೊಟ್ಟಿಗೆ ಇದೆ ಎಂಬುದನ್ನು ಡಾಕ್ಟರಿಗೆ ಹೇಳಿ. ಅದಕ್ಕೆ ಪರೀಕ್ಷೆಯೂ ಇದೆ, ಆ್ಯಂಟಿಬಯೋಟಿಕ್ ಚಿಕಿತ್ಸೆಯೂ ಇದೆ.

ಫೈಬ್ರೊಮಯಾಲ್ಜಿಯಕ್ಕೆ ಅಂಥ ಒಂದೇ ಪರೀಕ್ಷೆ ಇಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ ಮೈಯ ಹಲವು ಭಾಗಗಳಲ್ಲಿ ನೋವು, ಎದ್ದಾಗಲೂ ಹೋಗದ ಸುಸ್ತು, ಮರೆವು ಇದ್ದರೆ, ಥೈರಾಯ್ಡ್, ಸಂಧಿವಾತದಂಥ ಬೇರೆ ಕಾರಣಗಳನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ. ನರಮಂಡಲ ನೋವಿನ ಸೂಚನೆಯನ್ನು ರೇಡಿಯೋ ವಾಲ್ಯೂಮ್ ಏರಿಸಿದ ಹಾಗೆ ದೊಡ್ಡದು ಮಾಡುತ್ತದೆ. ಎಕ್ಸ್‌ರೇಯಲ್ಲಿ ವಾಲ್ಯೂಮ್ ಕಾಣಿಸುವುದಿಲ್ಲ. ಅದು ನಾಟಕವಲ್ಲ.

ಮೇ 12ಕ್ಕೆ ನೈಟಿಂಗೇಲ್ ಹೆಸರು ಅಂಟಿಕೊಂಡದ್ದೂ ಹೀಗೆಯೇ. ಇಂಥ ಕಾಯಿಲೆಗಳ ಅರಿವಿಗೆ ಒಂದು ದಿನ ಬೇಕೆಂದು 1992ರಲ್ಲಿ ಅಮೆರಿಕದ ರೋಗಿಗಳ ಪರ ಹೋರಾಟಗಾರರು ಆಕೆಯ ಹುಟ್ಟುಹಬ್ಬವನ್ನು ಆರಿಸಿಕೊಂಡರು. ಗೌರವಕ್ಕೆ ಆರಿಸಿದ್ದು ಕ್ರಮೇಣ ರೋಗನಿರ್ಣಯವೇ ಆಗಿಬಿಟ್ಟಿತು.

ಬಾಗಿಲಲ್ಲಿ ಕಾಯುವ ಮಂತ್ರಿಗಳು

ಹಾಸಿಗೆ ಹಿಡಿದ ನೈಟಿಂಗೇಲ್ ದಿನವನ್ನು ಬಹಳ ಬಿಗಿಯಾಗಿ ಹಂಚಿಕೊಂಡರು. ಒಂದು ಸಲಕ್ಕೆ ಒಬ್ಬರೇ ಭೇಟಿ, ಅದೂ ಮೊದಲೇ ಗೊತ್ತು ಮಾಡಿದ ಸಮಯಕ್ಕೆ. ಬಂದವರು ಯಾರೇ ಇರಲಿ, ಆ ದಿನ ಆಗುವುದಿಲ್ಲವೆಂದರೆ ಕೆಳಗಿನ ಕೋಣೆಗೆ ಚೀಟಿ ಹೋಗುತ್ತಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಜಾನ್ ಸದರ್‌ಲ್ಯಾಂಡ್ ಅದೇ ಮನೆಯಲ್ಲಿ ಕೂತು, ಆಕೆಯೊಡನೆ ಚೀಟಿಗಳಲ್ಲೇ ವ್ಯವಹರಿಸಿದ ದಿನಗಳು ಎಷ್ಟೋ. ಮಾತಿಗೆ ಹೋಗುವ ಶಕ್ತಿಯನ್ನು ಉಳಿಸಿ ಬರವಣಿಗೆಗೆ ಇಟ್ಟುಕೊಂಡರು. ಊಟದ ಕೂಟ, ಸಮಾರಂಭ, ನೆಂಟರ ಮನೆ ಎಲ್ಲ ಬಿಟ್ಟರು.

ಹೀಗೆ ಉಳಿಸಿದ ಹೊತ್ತಿನಲ್ಲೇ 1859ರ ಕೊನೆಗೆ ಮನೆಮಂದಿಗಾಗಿ ಬರೆದ ಶುಶ್ರೂಷೆಯ ಪುಸ್ತಕ ಹೊರಬಂತು. ರೋಗಿಯ ಹಾಸಿಗೆಯ ಪಕ್ಕ ನಿಂತು, ಏನೂ ಆಗಿಲ್ಲ ಬೇಗ ಎದ್ದೇಳುತ್ತೀಯ ಎಂದು ಹೇಳಿ, ತನಗೆ ತೋಚಿದ ಮದ್ದು ಸೂಚಿಸಿ ಹೋಗುವ ನೆಂಟರ ಮೇಲೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಇನ್ನೊಂದು ಅಧ್ಯಾಯ, ನೀವು ಇಲ್ಲದಾಗಲೂ ಕೆಲಸ ನಡೆಯುವಂತೆ ಮೊದಲೇ ಏರ್ಪಾಡು ಮಾಡುವುದರ ಬಗ್ಗೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ಶುರುವಾದಾಗ ಆಕೆ ಅಲ್ಲಿ ಪಾಠ ಮಾಡಲಿಲ್ಲ, ಮನೆಯಿಂದಲೇ ನಿಗಾ ಇಟ್ಟರು.

ನಮ್ಮ ದೇಶಕ್ಕೆ ಸಂಬಂಧಿಸಿದ ಕೆಲಸವೂ ಆಗಿನದೇ. ಭಾರತದ ಸೇನಾ ಠಾಣೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ, ಕುಡಿಯುವ ನೀರು, ಚರಂಡಿ, ಬ್ಯಾರಕ್ ಹೇಗಿವೆ ಎಂದು ತರಿಸಿಕೊಂಡ ರಾಶಿ ಕಾಗದ ಓದಿದರು. 1863ರಲ್ಲಿ ಬಂದ ರಾಯಲ್ ಕಮಿಷನ್ ವರದಿ ಸುಮಾರು 2,000 ಪುಟ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1,000ಕ್ಕೆ 69 ಜನ ಸಾಯುತ್ತಿದ್ದರು ಎಂಬ ಲೆಕ್ಕ ಅದರಲ್ಲಿತ್ತು. ಹತ್ತು ವರ್ಷದ ನಂತರ ಅದು 18ಕ್ಕೆ ಇಳಿದಿದೆ ಎಂದು ಆಕೆಯೇ ಬರೆದರು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಇನ್ನೊಂದು ಫಾರ್ವರ್ಡ್ ಆಗುತ್ತದೆ. ಆಕೆ ತನ್ನ ನಿಯಮವನ್ನು ತಾನೇ ಮುರಿದದ್ದು ಎಷ್ಟೋ ಸಲ. ಸ್ವಲ್ಪ ಚೇತರಿಸಿದ ಕೂಡಲೇ ಮೈಮೇಲೆ ಕೆಲಸ ಹೇರಿಕೊಂಡು ಮತ್ತೆ ಮಲಗಿದರು. ತನಗೆ ಬೇಕಾದ ವಿಶ್ರಾಂತಿಯನ್ನು ಬೇರೆಯವರಿಗೆ ಕೊಡುವ ಮನಸ್ಸೂ ಇರಲಿಲ್ಲ. ಜೊತೆಗಾರ ಮಂತ್ರಿ ಸಿಡ್ನಿ ಹರ್ಬರ್ಟ್ ಮೂತ್ರಪಿಂಡದ ಕಾಯಿಲೆಯಿಂದ ಸೋಲುತ್ತಿದ್ದಾಗಲೂ ಕೆಲಸ ಬಿಡಬೇಡಿ ಎಂದು ಒತ್ತಾಯಿಸಿದರು. ಅವರು 1861ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅದಾಗಿ ಕೆಲವೇ ತಿಂಗಳಲ್ಲಿ ನೈಟಿಂಗೇಲ್ ಸ್ಥಿತಿ ಹಿಂದೆಂದಿಗಿಂತ ಕೆಟ್ಟಿತು. ನೋವಿಗೆ ಆಗಷ್ಟೇ ಬಂದಿದ್ದ ಅಫೀಮಿನ ಚುಚ್ಚುಮದ್ದು ಕೊಟ್ಟರು. ಇಂದು ಫೈಬ್ರೊಮಯಾಲ್ಜಿಯಕ್ಕೆ ಅಫೀಮು ವರ್ಗದ ಬಲವಾದ ಔಷಧಿಗಳನ್ನು ಸಲಹೆ ಮಾಡುವುದಿಲ್ಲ.

ದುಡ್ಡಿನ ಮಾತನ್ನೂ ಮುಚ್ಚಿಡಬಾರದು. ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು. ಅಡುಗೆಗೆ, ಬಟ್ಟೆಗೆ, ಬಾಗಿಲು ಕಾಯಲು ಆಳುಗಳಿದ್ದರು. ಸೊರಬದ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಹಾಲು ಕರೆಯಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಅಡಿಕೆ ಸುಲಿತದ ಕಾಲದಲ್ಲಿ ರಾತ್ರಿಯೂ ಕೂರಬೇಕು. ಚೀಟಿ ಕಳಿಸಿ ಇವತ್ತು ಆಗುವುದಿಲ್ಲ ಅನ್ನಲು ಯಾರಿಗೆ ಕಳಿಸುವುದು?

ಅಡಿಕೆ ಸುಲಿತದ ಲೆಕ್ಕ

ಆದರೂ ಆಕೆ ಮಾಡಿದ್ದರಲ್ಲಿ ಒಂದು ಭಾಗಕ್ಕೆ ಇವತ್ತು ಪೇಸಿಂಗ್ ಎಂಬ ಹೆಸರಿದೆ, ಅದಕ್ಕೆ ಆಳು ಬೇಕಿಲ್ಲ. ಫೈಬ್ರೊಮಯಾಲ್ಜಿಯ ಇರುವವರು ಸಾಮಾನ್ಯವಾಗಿ ಮೈ ಹಗುರವಿದ್ದ ದಿನ ಬಾಕಿ ಕೆಲಸವೆಲ್ಲ ಮುಗಿಸುತ್ತಾರೆ. ಎರಡು ಗಂಟೆ ಅಲ್ಲಾಡದೆ ಕೂತು ಅಡಿಕೆ ಸುಲಿದು, ಎದ್ದು ಕಂಬಳಿಯನ್ನೂ ಒಗೆದುಬಿಡುತ್ತಾರೆ. ಮುಂದಿನ ಮೂರು ದಿನ ಮಲಗುತ್ತಾರೆ. ನೋಡಿದವರಿಗೆ ನಿನ್ನೆ ಆದದ್ದು ಇವತ್ತು ಯಾಕೆ ಆಗುವುದಿಲ್ಲ ಅನ್ನಿಸುತ್ತದೆ, ಜಗಳ ಅಲ್ಲಿಂದ ಶುರು.

ಪೇಸಿಂಗ್‌ನಲ್ಲಿ ಕೆಲಸವನ್ನು ನೋವು ನಿಲ್ಲಿಸುವುದಿಲ್ಲ, ಗಡಿಯಾರ ನಿಲ್ಲಿಸುತ್ತದೆ. 40 ನಿಮಿಷ ಸುಲಿದರೆ ಮರುದಿನ ನೋವು ಏರುತ್ತದೆ ಎಂದು ಗೊತ್ತಾದರೆ 20 ನಿಮಿಷಕ್ಕೇ ಏಳಬೇಕು, ಮೈ ಇನ್ನೂ ಚೆನ್ನಾಗಿದ್ದರೂ ಸರಿ. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ, ಬೇರೆ ಬಗೆಯ ಸಣ್ಣ ಕೆಲಸ ಮಾಡಿ, ಆಮೇಲೆ ಮತ್ತೆ ಕೂರಬಹುದು. ರೊಟ್ಟಿ ತಟ್ಟುವ ದಿನ ದೊಡ್ಡ ಬಟ್ಟೆ ಬೇಡ. ಹಗುರವಿದ್ದ ದಿನವೂ ಅಷ್ಟೇ, ಭಾರವಿದ್ದ ದಿನವೂ ಆದಷ್ಟು ಅದರ ಹತ್ತಿರ. ವಾರಗಳು ಕಳೆದಂತೆ ಐದೈದು ನಿಮಿಷ ಏರಿಸಬಹುದು. ಇದು ಹೇಳಲು ಸುಲಭ. ಮೈ ಆಗುತ್ತದೆ ಅನ್ನುವಾಗ ಏಳುವುದೇ ಇದರಲ್ಲಿ ಕಷ್ಟದ ಭಾಗ, ಏಳಲು ಬಿಡುವ ಮನೆಯವರೂ ಬೇಕು. ಹಾಗಾಗಿ ಈ ಬರಹವನ್ನು ನೋವಿರುವವರಿಗಿಂತ ಮೊದಲು ಅವರ ಗಂಡನಿಗೆ, ಅತ್ತೆಗೆ, ಮಗನಿಗೆ ಕಳಿಸಿ ಎಂಬುದು ನಮ್ಮ ಕೋರಿಕೆ.

ನೈಟಿಂಗೇಲ್ ಹಾಗೆ ವರ್ಷಗಟ್ಟಲೆ ಹಾಸಿಗೆಯಲ್ಲಿರುವುದು ಮಾತ್ರ ಮಾದರಿಯಲ್ಲ. ಆ ಕಾಲದ ವೈದ್ಯರಿಗೆ ಗೊತ್ತಿದ್ದ ಮದ್ದು ಅದು. ಫೈಬ್ರೊಮಯಾಲ್ಜಿಯಕ್ಕೆ ಇಂದು ಹೆಚ್ಚು ಪುರಾವೆ ಇರುವುದು ನಿಧಾನವಾಗಿ ಏರಿಸುವ ವ್ಯಾಯಾಮಕ್ಕೆ, ಅದರಲ್ಲೂ ನಡಿಗೆಯಂಥದ್ದಕ್ಕೆ. ಪೇಸಿಂಗ್ ಒಂದನ್ನೇ ಪರೀಕ್ಷಿಸಿದ ಅಧ್ಯಯನಗಳು ಕಡಿಮೆ, ಫಲಿತಾಂಶವೂ ಮಿಶ್ರ. ಅದು ನೋವನ್ನು ವಾಸಿ ಮಾಡುವುದಿಲ್ಲ, ನಡಿಗೆಗೂ ಮನೆಕೆಲಸಕ್ಕೂ ಸ್ವಲ್ಪ ಶಕ್ತಿ ಉಳಿಸಿಕೊಡಬಹುದು. ಡಾಕ್ಟರು ಕೊಟ್ಟ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ.

1880ರ ದಶಕದ ಹೊತ್ತಿಗೆ ನೈಟಿಂಗೇಲ್ ನೋವು ತಗ್ಗಿತು. ಮೈ ತುಂಬಿಕೊಂಡರು, ಸಿಡುಕು ಕಡಿಮೆಯಾಯಿತು, ಮತ್ತೆ ಜನರನ್ನು ನೋಡತೊಡಗಿದರು. ಕೊನೆಯ ವರ್ಷಗಳಲ್ಲಿ ಕಣ್ಣು ಕಾಣಿಸಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. ಬೇಗ ಸಾಯುತ್ತೇನೆ ಅಂದುಕೊಂಡಿದ್ದವರು 90 ವರ್ಷ ಬದುಕಿ, 1910ರ ಆಗಸ್ಟ್ 13ರಂದು ಲಂಡನ್ನಿನ ಸೌತ್ ಸ್ಟ್ರೀಟ್‌ನ ಮನೆಯಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಮನೆಯವರು ಒಪ್ಪಲಿಲ್ಲ. ಹ್ಯಾಂಪ್‌ಶೈರ್‌ನ ಈಸ್ಟ್ ವೆಲೋ ಚರ್ಚ್ ಅಂಗಳದಲ್ಲಿರುವ ಕುಟುಂಬದ ಸಮಾಧಿಯ ಕಲ್ಲಿನ ಮೇಲೆ ಆಕೆಯ ಪಾಲಿಗೆ ಇರುವುದು ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ ದಿನ, ಸತ್ತ ದಿನ ಮಾತ್ರ.