ಗದ್ದಲದೊಳಗಿನ ದನಿ: ನಾರ್ಬರ್ಟ್ ವೀನರ್

ಸಂತೆಯ ಗದ್ದಲದ ನಡುವೆಯೂ ಪರಿಚಿತರ ದನಿಯನ್ನು ನಾವು ಥಟ್ಟನೆ ಗುರುತಿಸುತ್ತೇವೆ. ನೂರು ಸದ್ದುಗಳೊಳಗಿಂದ ಬೇಕಾದ ಒಂದನ್ನು ಆರಿಸಿಕೊಳ್ಳುವ ಈ ಶಕ್ತಿ ಮನುಷ್ಯನ ಕಿವಿಗೆ ಸಹಜ, ಯಂತ್ರಕ್ಕೆ ಸಹಜವಲ್ಲ. ದೂರವಾಣಿಯ ತಂತಿಯಾಗಲಿ, ರಡಾರ್ ಆಗಲಿ, ಎದೆಬಡಿತವನ್ನು ದಾಖಲಿಸುವ ಉಪಕರಣವಾಗಲಿ, ಬೇಕಾದುದನ್ನೂ ಬೇಡವಾದುದನ್ನೂ ಒಟ್ಟಿಗೇ ಹೊತ್ತು ತರುತ್ತದೆ. ಇವೆರಡನ್ನು ಬೇರ್ಪಡಿಸುವ ವಿದ್ಯೆಗೆ ಗಣಿತದ ತಳಹದಿಯನ್ನು ಹಾಕಿದವರಲ್ಲಿ ಅಗ್ರಗಣ್ಯರು ಅಮೆರಿಕದ ನಾರ್ಬರ್ಟ್ ವೀನರ್.

ವೀನರರು ಜನಿಸಿದುದು 1894ರ ನವೆಂಬರ್ 26ರಂದು, ಮಿಸೌರಿ ಪ್ರಾಂತದ ಕೊಲಂಬಿಯಾ ನಗರದಲ್ಲಿ. ತಂದೆ ಲಿಯೋ ವೀನರ್ ಯೂರೋಪಿನಿಂದ ವಲಸೆ ಬಂದ ಬಹುಭಾಷಾ ಪಂಡಿತರು. ಮುಂದೆ ಹಾರ್ವರ್ಡಿನಲ್ಲಿ ಸ್ಲಾವಿಕ್ ಭಾಷೆಗಳ ಪ್ರಾಧ್ಯಾಪಕರಾದವರು. ಮಗನ ವಿದ್ಯಾಭ್ಯಾಸವನ್ನು ಅವರು ತಾವೇ ವಹಿಸಿಕೊಂಡರು. ಗುರುವಾಗಿ ಅವರು ಬಲು ಕಠಿನ. ಸಣ್ಣ ತಪ್ಪಿಗೂ ಗದರಿಕೆ ಸಿದ್ಧವಾಗಿರುತ್ತಿತ್ತು. ಬಾಲಕನಿಗೆ ಎಂಟು ವರ್ಷವಾದಾಗ ದೃಷ್ಟಿದೋಷ ಹೆಚ್ಚಿ, ಆರು ತಿಂಗಳ ಕಾಲ ಪುಸ್ತಕ ಮುಟ್ಟಕೂಡದೆಂದು ವೈದ್ಯರು ವಿಧಿಸಿದರು. ಪಾಠ ಮಾತ್ರ ನಿಲ್ಲಲಿಲ್ಲ. ಬಾಲಕ ಕಿವಿಯಿಂದಲೇ ಕಲಿತ, ಮನಸ್ಸಿನಲ್ಲೇ ಲೆಕ್ಕ ಬಿಡಿಸಿದ. ಹದಿನಾಲ್ಕಕ್ಕೆ ಪದವಿ, ಹದಿನೆಂಟಕ್ಕೆ ಹಾರ್ವರ್ಡಿನ ಡಾಕ್ಟರೇಟ್! ಅನಂತರ ಕೇಂಬ್ರಿಜ್‌ನಲ್ಲಿ ಬರ್ಟ್ರಂಡ್ ರಸೆಲ್ಲರ ಬಳಿಯೂ, ಜರ್ಮನಿಯ ಗಾಟಿಂಗೆನ್ನಿನಲ್ಲಿಯೂ ವ್ಯಾಸಂಗ ನಡೆಯಿತು. 1919ರಲ್ಲಿ ಅವರು ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯನ್ನು ಸೇರಿದರು. ಅದೇ ಅವರ ಜೀವಮಾನದ ಕರ್ಮಭೂಮಿಯಾಯಿತು.

ಅವರನ್ನು ಮೊದಲು ಸೆಳೆದುದು ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳ ಗೊತ್ತುಗುರಿಯಿಲ್ಲದ ಅಲೆದಾಟ. ಒಂದೊಂದು ಹೆಜ್ಜೆಯೂ ಆಕಸ್ಮಿಕವಾದರೂ, ಒಟ್ಟು ಅಲೆದಾಟಕ್ಕೆ ಸಂಭಾವ್ಯತೆಯ ನಿಯಮವುಂಟೆಂದು 1920ರ ದಶಕದ ಆರಂಭದಲ್ಲಿ ಅವರು ಖಚಿತವಾದ ಗಣಿತದಿಂದ ನಿರೂಪಿಸಿದರು. ಅಸ್ತವ್ಯಸ್ತತೆಗೂ ಒಂದು ಸ್ವಭಾವವಿದೆ. ಆ ಸ್ವಭಾವವನ್ನು ಅರಿತರೆ ಗದ್ದಲವನ್ನೂ ಅಳೆಯಬಹುದು.

ಈ ಅರಿವನ್ನು ಒರೆಗೆ ಹಚ್ಚಿದುದು ಎರಡನೆಯ ಮಹಾಯುದ್ಧ. ವಿಮಾನಗಳ ವೇಗ ಹೆಚ್ಚಿತ್ತು; ಗುಂಡು ಮೇಲೇರುವಷ್ಟರಲ್ಲಿ ಗುರಿ ಬಹುದೂರ ಸಾಗಿರುತ್ತಿತ್ತು. ಆದುದರಿಂದ ವಿಮಾನ ಈಗ ಇರುವಲ್ಲಿಗಲ್ಲ, ಮುಂದೆ ಇರುವಲ್ಲಿಗೆ ಗುರಿಯಿಡಬೇಕು. ಆದರೆ ಅದರ ಜಾಡನ್ನು ತಿಳಿಸುವ ಅಳತೆಗಳಲ್ಲೇ ತಪ್ಪುಗಳು ಬೆರೆತಿದ್ದವು. ಜೂಲಿಯನ್ ಬಿಗೆಲೋ ಎಂಬ ಎಂಜಿನಿಯರರೊಡನೆ ಶ್ರಮಿಸಿದ ವೀನರರು 1942ರಲ್ಲಿ ತಮ್ಮ ವಿಧಾನವನ್ನು ಗುಪ್ತ ವರದಿಯಾಗಿ ಬರೆದರು. ತಪ್ಪನ್ನು ಪೂರ್ತಿ ಅಳಿಸುವೆನೆಂಬ ಹಮ್ಮು ಅದರಲ್ಲಿಲ್ಲ. ತಪ್ಪಿನ ವರ್ಗದ ಸರಾಸರಿಯನ್ನು ಕನಿಷ್ಠಕ್ಕಿಳಿಸುವುದೇ ಅದರ ಗುರಿ. ಯಾವ ಆವರ್ತನದಲ್ಲಿ ಸಂಕೇತ ಪ್ರಬಲವೋ ಅಲ್ಲಿ ಬಾಗಿಲನ್ನು ಅಗಲವಾಗಿ ತೆರೆಯುವುದು, ಎಲ್ಲಿ ಗದ್ದಲ ಪ್ರಬಲವೋ ಅಲ್ಲಿ ಕಿರಿದುಮಾಡುವುದು: ಇದೇ ವೀನರ್ ಶೋಧಕದ ತಿರುಳು. ರಷ್ಯದ ಕೋಲ್ಮೊಗೊರೊವ್ ಕೂಡ ಇದೇ ಕಾಲದಲ್ಲಿ ಸ್ವತಂತ್ರವಾಗಿ ಮುನ್ಸೂಚನೆಯ ಸಿದ್ಧಾಂತವನ್ನು ಮುಟ್ಟಿದ್ದರು. ವರದಿಯ ಹೊದಿಕೆ ಹಳದಿ, ಗಣಿತ ದುರ್ಗಮ. ಅದನ್ನು ಓದಬೇಕಾದ ಎಂಜಿನಿಯರರು ಅದಕ್ಕೆ ಹಳದಿ ಭೂತದಂತಹ ಒಂದು ಅಡ್ಡಹೆಸರನ್ನೇ ಇಟ್ಟಿದ್ದರು. ವೀನರರ ಯಂತ್ರ ಯುದ್ಧರಂಗವನ್ನು ಸೇರಲೇ ಇಲ್ಲ, ಗಣಿತ ಉಳಿಯಿತು.

ಹಿರೋಷಿಮಾದ ದುರಂತ ವೀನರರ ಮನಸ್ಸನ್ನು ಕಲಕಿತು. ಕ್ಷಿಪಣಿಗಳ ಕೆಲಸದಲ್ಲಿದ್ದ ಎಂಜಿನಿಯರೊಬ್ಬರು ಆ ವರದಿಯ ಪ್ರತಿಯನ್ನು ಕೇಳಿದಾಗ ಅವರು ನಿರಾಕರಿಸಿದರು; ತಮ್ಮ ಉತ್ತರವನ್ನು 1947ರ ಜನವರಿಯ ಅಟ್ಲಾಂಟಿಕ್ ಮಂತ್ಲಿಯಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಹಾನಿಯಾಗುವ ಕಡೆಗೆ ತಮ್ಮ ವಿದ್ಯೆಯನ್ನು ಇನ್ನು ಕೊಡಲಾರೆನೆಂಬುದು ಅದರ ಸಾರ. ಆದರೆ ವಿದ್ಯೆಯನ್ನು ಬಚ್ಚಿಡಲಾಗುವುದೇ? 1949ರಲ್ಲಿ ಅದೇ ವರದಿ ಪುಸ್ತಕವಾಗಿ ಎಲ್ಲರ ಕೈಸೇರಿತು. ವೀನರರು ತಮ್ಮ ಮಟ್ಟಿಗೆ ಸೇನೆಯ ಹಣವನ್ನು ದೂರವಿಟ್ಟರು. ಕಿವುಡರಿಗಾಗಿ ಮಾತನ್ನು ಬೆರಳಿನ ಸ್ಪರ್ಶವಾಗಿ ಮಾರ್ಪಡಿಸುವ ಸಾಧನದತ್ತ ಗಮನ ಹರಿಸಿದರು. 1948ರ ಸೈಬರ್ನೆಟಿಕ್ಸ್ ಗ್ರಂಥ ಅವರನ್ನು ಲೋಕವಿಖ್ಯಾತರನ್ನಾಗಿಸಿತು.

ನಮ್ಮ ದೇಶಕ್ಕೂ ಅವರ ಋಣವಿದೆ. 1955-56ರಲ್ಲಿ ಅವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಬೊಂಬಾಯಿಯ ಗಣಿತಜ್ಞ ಪೆಸಿ ಮಸಾನಿಯವರೊಡನೆ, ಒಂದಕ್ಕೊಂದು ಹೆಣೆದುಕೊಂಡ ಹಲವು ಅಳತೆಗಳನ್ನು ಒಟ್ಟಿಗೇ ಪರಿಗಣಿಸಿ ಮುನ್ಸೂಚಿಸುವ ಸಿದ್ಧಾಂತವನ್ನು ರಚಿಸಿ 1957 ಮತ್ತು 1958ರಲ್ಲಿ ಪ್ರಕಟಿಸಿದರು. 1964ರ ಮಾರ್ಚ್ 18ರಂದು ಸ್ಟಾಕ್‌ಹೋಮಿನಲ್ಲಿ ಅವರು ಕೊನೆಯುಸಿರೆಳೆದರು.

ಅವರ ಶೋಧಕಕ್ಕೆ ಒಂದು ಮಿತಿಯಿತ್ತು. ಸಂಕೇತದ ಸ್ವಭಾವವೂ ಗದ್ದಲದ ಸ್ವಭಾವವೂ ಅದಕ್ಕೆ ಮೊದಲೇ ತಿಳಿದಿರಬೇಕು. ಅವು ಬದಲಾಗಲೂ ಕೂಡದು. ಲೋಕದ ಗದ್ದಲವಾದರೋ ಗಳಿಗೆಗೊಂದು ಬಗೆ. ವೀನರರ ಸಂಸ್ಥೆಯಲ್ಲೇ ಓದಿದ ಬರ್ನಾರ್ಡ್ ವಿಡ್ರೋ, ಟೆಡ್ ಹಾಫ್ ಅವರೊಡನೆ, 1960ರಲ್ಲಿ ಸ್ಟಾನ್‌ಫರ್ಡಿನಿಂದ ಇದಕ್ಕೊಂದು ಸುಲಭೋಪಾಯವನ್ನು ನೀಡಿದರು. ಪ್ರತಿಬಾರಿ ಉಳಿದ ತಪ್ಪನ್ನು ನೋಡಿ ಶೋಧಕವು ತನ್ನನ್ನು ಒಂದಿಷ್ಟು ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದುತ್ತ ತಿದ್ದುತ್ತ ವೀನರರ ಉತ್ತರದ ಸಮೀಪಕ್ಕೆ ಬರುತ್ತದೆ. 1975ರಲ್ಲಿ ವಿಡ್ರೋ ಮತ್ತು ಸಂಗಡಿಗರು ಗರ್ಭಿಣಿಯ ಎದೆಯಿಂದ ಪಡೆದ ಸಂಕೇತವನ್ನು ಆಧಾರವಾಗಿಟ್ಟುಕೊಂಡು, ಹೊಟ್ಟೆಯ ಮೇಲಿನ ದಾಖಲೆಯಿಂದ ತಾಯಿಯ ಹೃದಯಸಂಕೇತವನ್ನು ಕಳೆದು, ಅದರಡಿ ಮುಚ್ಚಿಹೋಗಿದ್ದ ಶಿಶುವಿನ ಹೃದಯಸಂಕೇತವನ್ನು ಹೊರಗೆ ತಂದು ತೋರಿಸಿದರು.

ವಿಮಾನವನ್ನು ಹೊಡೆದುರುಳಿಸಲು ಹುಟ್ಟಿದ ಗಣಿತ ಹುಟ್ಟಲಿರುವ ಜೀವಕ್ಕೆ ಕಿವಿಗೊಟ್ಟಿತು; ಕ್ಷಿಪಣಿಗೂ ದಾರಿ ತೋರಿಸುವ ಶಕ್ತಿ ಅದರಲ್ಲಿ ಹಾಗೆಯೇ ಉಳಿಯಿತು. ಯಾವುದು ಸಂಕೇತ, ಯಾವುದು ಗದ್ದಲ ಎಂಬುದನ್ನು ಶೋಧಕ ತಾನಾಗಿ ನಿರ್ಧರಿಸಲಾರದು. ಆ ಹೊಣೆ ಅದನ್ನು ಕಟ್ಟುವವರದು. ವೀನರರು ಆ ಹೊಣೆಯನ್ನು ತಮ್ಮ ಹೆಗಲಿನಿಂದ ಇಳಿಸಲಿಲ್ಲ.