ಶಬ್ದಮಣಿದರ್ಪಣದ ಕೇಶಿರಾಜ: ಕನ್ನಡಕ್ಕೆ ಕನ್ನಡದಲ್ಲೇ ವ್ಯಾಕರಣ ಬರೆದ ಜೈನ ಕವಿ

ಬಾಣಾವರ ರೈಲು ನಿಲ್ದಾಣದಲ್ಲಿ ಇಳಿದು ಜಾವಗಲ್ ಮಾರ್ಗವಾಗಿ ಸುಮಾರು 30 ಕಿ.ಮೀ. ಸಾಗಿದರೆ ಹಳೇಬೀಡು ಸಿಗುತ್ತದೆ. ಹೊಯ್ಸಳೇಶ್ವರ ದೇವಸ್ಥಾನ ನೋಡಿದ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಸ್ವಲ್ಪವೇ ದೂರದ ಬಸ್ತಿಹಳ್ಳಿಗೆ ಹೋದವರಿಗೆ ಪಾರ್ಶ್ವನಾಥ, ಶಾಂತಿನಾಥ, ಆದಿನಾಥ ಸ್ವಾಮಿಯ ಮೂರು ಬಸದಿಗಳ ದರ್ಶನವಾಗುತ್ತದೆ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳನ್ನು ಎಷ್ಟು ನುಣುಪಾಗಿ ಕಡೆದಿದ್ದಾರೆಂದರೆ, ಎದುರು ನಿಂತವರ ಮುಖ ಅದರಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ.

ಈ ಊರು ಆಗ ದೋರಸಮುದ್ರ, ಹೊಯ್ಸಳರ ರಾಜಧಾನಿ. ಇಲ್ಲಿನ ಶಿಲ್ಪಿಗಳು ಕಲ್ಲಿನಲ್ಲಿ ಕನ್ನಡಿ ಮಾಡಿದರು. ಇದೇ ರಾಜ್ಯದ ಜೈನ ಕವಿಯೊಬ್ಬ ಮಾತಿಗೆ ಕನ್ನಡಿ ಹಿಡಿದನು. ಆ ಕವಿಯೇ ಕೇಶಿರಾಜ. ಅವನ ಕೃತಿ ಶಬ್ದಮಣಿದರ್ಪಣ, ಅಂದರೆ ಶಬ್ದಗಳೆಂಬ ಮಣಿಗಳ ಕನ್ನಡಿ. ಕಾಲ ಸುಮಾರು ಕ್ರಿ.ಶ. 1260. ಶಾಲೆಯಲ್ಲಿ ಸಂಧಿ, ಸಮಾಸ, ತತ್ಸಮ, ತದ್ಭವ ಕಲಿತ ಪ್ರತಿಯೊಬ್ಬ ಕನ್ನಡಿಗನೂ ತಿಳಿಯದೆಯೇ ಅವನ ಶಿಷ್ಯನಾಗಿದ್ದಾನೆ.

ಕವಿಗಳ ಮನೆತನ

ಕೇಶಿರಾಜ ಹುಟ್ಟಿದ್ದು ವಿದ್ಯೆಯೇ ಆಸ್ತಿಯಾಗಿದ್ದ ಮನೆಯಲ್ಲಿ. ತಾಯಿಯ ತಂದೆ ಕವಿ ಸುಮನೋಬಾಣ, ಹೊಯ್ಸಳರ ಕಟಕದಲ್ಲಿ ಆಚಾರ್ಯನಾಗಿದ್ದವನು. ಸೋದರಮಾವ ಕವಿಚಕ್ರವರ್ತಿ ಜನ್ನ. 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆದ ಜನ್ನನ ಹೆಸರು ನಮ್ಮ ಸಮಾಜಕ್ಕೆ ಹೊಸದಲ್ಲ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಅದು ಹಿಂಸೆಯೇ, ಸಂಕಲ್ಪದಲ್ಲಿಯೇ ಪಾಪವಿದೆ ಎಂದು ಯಶೋಧರನ ಕಥೆಯ ಮೂಲಕ ಮನಮುಟ್ಟುವಂತೆ ತಿಳಿಸಿದವನು ಅವನು. ದೋರಸಮುದ್ರದ ವಿಜಯ ಪಾರ್ಶ್ವ ಜಿನಾಲಯಕ್ಕೆ ದ್ವಾರವನ್ನು ಕಟ್ಟಿಸಿದವನೂ ಅವನೇ.

ತಂದೆ ಮಲ್ಲಿಕಾರ್ಜುನ. ಹೊಯ್ಸಳ ಸೋಮೇಶ್ವರ ರಾಜನ ಕಾಲದಲ್ಲಿ ಸೂಕ್ತಿಸುಧಾರ್ಣವ ಎಂಬ ಗ್ರಂಥವನ್ನು ಸಿದ್ಧಪಡಿಸಿದನು. ಹಿಂದಿನ ಕನ್ನಡ ಕವಿಗಳ ಕಾವ್ಯಗಳಿಂದ ಒಳ್ಳೊಳ್ಳೆಯ ಪದ್ಯಗಳನ್ನು ಆರಿಸಿ, ಸಮುದ್ರ, ಪರ್ವತ, ಋತು, ಚಂದ್ರೋದಯ ಎಂದು ವರ್ಣನೆಗಳ ಪ್ರಕಾರ ಜೋಡಿಸಿದ ಸಂಗ್ರಹ ಅದು. ಹಳೆಯ ಓಲೆಗರಿಗಳನ್ನು ತರಿಸುವುದು, ಓದುವುದು, ಆರಿಸುವುದು, ನಕಲು ಮಾಡುವುದು ತಂದೆಯ ಕಾಯಕವಾಗಿತ್ತು. ಮಗನ ಗ್ರಂಥದಲ್ಲಿ ಅದರ ಫಲ ಎದ್ದು ಕಾಣುತ್ತದೆ. ಒಂದು ನಿಯಮ ಹೇಳಿದ ಕೂಡಲೇ ಅದಕ್ಕೆ ಹಿಂದಿನ ಕವಿಗಳ ಪ್ರಯೋಗವನ್ನು ಸಾಕ್ಷಿಯಾಗಿ ಕೊಡುವುದು ಕೇಶಿರಾಜನ ಪದ್ಧತಿ.

ಆ ಕಾಲದ ಪರಿಸರ

ಅದು ಈ ಸೀಮೆಯಲ್ಲಿ ಜೈನಧರ್ಮವು ಗೌರವದಿಂದ ಬಾಳಿದ ಕಾಲ. ಅರಸೀಕೆರೆಯಲ್ಲಿ 1220ರಲ್ಲಿ ರೇಚರಸನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ್ದನು. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪ ದಂಡನಾಯಕನು 1133ರಲ್ಲಿಯೇ ಕಟ್ಟಿಸಿದ್ದನು. 1254ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ನರಸಿಂಹನು ಆ ಬಸದಿಗೆ ಬಂದು ದರ್ಶನ ಪಡೆದು ದತ್ತಿ ಬಿಟ್ಟನು. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ ಎದ್ದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಕೇಶಿರಾಜ ಬಾಳಿದ್ದು ಇಂತಹ ಪರಿಸರದಲ್ಲಿ.

ಆದರೆ ಭಾಷೆಯ ಮಟ್ಟಿಗೆ ಅದು ಸಂಧಿಕಾಲ. ಪಂಪ, ಪೊನ್ನ, ರನ್ನರ ಹಳಗನ್ನಡ ಜನರ ಬಾಯಿಂದ ದೂರ ಸರಿಯುತ್ತಿತ್ತು. ಪಾಲು ಹಾಲಾಗುತ್ತಿತ್ತು, ಪೂವು ಹೂವಾಗುತ್ತಿತ್ತು. ಸ್ವತಃ ಕೇಶಿರಾಜನೇ ಪಂಪನನ್ನು ಹಂಪನೆಂದೂ ಪೊನ್ನನನ್ನು ಹೊನ್ನನೆಂದೂ ಕರೆದಿದ್ದಾನೆ. ಹಳೆಯ ಱ ಮತ್ತು ೞ ಅಕ್ಷರಗಳ ಉಚ್ಚಾರಣೆ ಅಳಿಯುತ್ತಿತ್ತು. ಮೞೆ ಎಂಬುದು ಮಳೆಯಾಯಿತು, ಬಾೞೆ ಎಂಬುದು ಬಾಳೆಯಾಯಿತು. ಯಾವ ಶಬ್ದದಲ್ಲಿ ಯಾವ ಅಕ್ಷರವೆಂದು ಬರೆಯುವವರಿಗೇ ಗೊಂದಲ ಉಂಟಾಗುತ್ತಿದ್ದಾಗ, ೞ ಇರುವ ಶಬ್ದಗಳನ್ನು ಹುಡುಕಿ ಪಟ್ಟಿ ಮಾಡಿ ಇಟ್ಟವನು ಕೇಶಿರಾಜ. ಇಂದು ಶಾಸನ ಓದುವವರಿಗೆ ಆ ಪಟ್ಟಿ ದಾರಿದೀಪವಾಗಿದೆ.

ಕನ್ನಡವನ್ನು ಕನ್ನಡದ ಅಳತೆಯಲ್ಲಿ ಅಳೆದವನು

ಕೇಶಿರಾಜನಿಗಿಂತ ಮೊದಲು ಎರಡನೆಯ ನಾಗವರ್ಮನು ಕರ್ಣಾಟಕ ಭಾಷಾಭೂಷಣ ಎಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದಿದ್ದನು. ಕೇಶಿರಾಜನ ನಂತರ 1604ರಲ್ಲಿ ಭಟ್ಟಾಕಳಂಕನು ಬರೆದ ಕರ್ಣಾಟಕ ಶಬ್ದಾನುಶಾಸನವೂ ಸಂಸ್ಕೃತದಲ್ಲಿಯೇ ಇದೆ. ಇವರಿಬ್ಬರೂ ಜೈನರೇ, ಮಹಾ ವಿದ್ವಾಂಸರೇ. ಆದರೆ ಸಂಸ್ಕೃತ ಬಾರದವನಿಗೆ ಆ ಬಾಗಿಲು ತೆರೆಯುವುದಿಲ್ಲ. ಕೇಶಿರಾಜ ಕನ್ನಡದ ನಿಯಮಗಳನ್ನು ಕನ್ನಡದ ಕಂದಪದ್ಯಗಳಲ್ಲಿ ಕಟ್ಟಿ, ಕನ್ನಡದಲ್ಲೇ ವೃತ್ತಿಯನ್ನು, ಅಂದರೆ ವಿವರಣೆಯನ್ನು ಬರೆದನು. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳು. ಕೊನೆಗೆ ಪ್ರಯೋಗಸಾರ ಎಂಬ ಭಾಗದಲ್ಲಿ ಹಳೆಯ ಕಾವ್ಯಗಳ ಕಠಿಣ ಶಬ್ದಗಳಿಗೆ ಅರ್ಥ ಕೊಟ್ಟಿದ್ದಾನೆ.

ಬಟ್ಟೆಯನ್ನು ಲೀಟರಿನಲ್ಲಿ, ಎಣ್ಣೆಯನ್ನು ಮೀಟರಿನಲ್ಲಿ ಯಾರೂ ಅಳೆಯುವುದಿಲ್ಲ. ಹಾಗೆಯೇ ಒಂದು ಭಾಷೆಯನ್ನು ಇನ್ನೊಂದು ಭಾಷೆಯ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ. ಚೌಕಟ್ಟನ್ನು ಸಂಸ್ಕೃತದಿಂದ ಪಡೆದರೂ ಕನ್ನಡ ಎಲ್ಲಿ ಬೇರೆಯಾಗಿ ನಡೆಯುತ್ತದೆ ಎಂಬುದನ್ನು ಕೇಶಿರಾಜ ಗುರುತಿಸಿದ್ದಾನೆ.

ಮೊದಲು ಅಕ್ಷರ. ಸಂಸ್ಕೃತದ ವರ್ಣಮಾಲೆಯಲ್ಲಿ ಕನ್ನಡಕ್ಕೆ ಬೇಡವಾದುದನ್ನು ಬಿಟ್ಟು, ಕನ್ನಡದ್ದೇ ಆದ ಹ್ರಸ್ವ ಎ, ಒ ಮತ್ತು ಱ, ೞ, ಳ ಸೇರಿಸಿ, ಅಚ್ಚಗನ್ನಡಕ್ಕೆ 47 ಅಕ್ಷರಗಳೆಂದು ಲೆಕ್ಕ ಕೊಟ್ಟನು.

ಎರಡನೆಯದು ಲಿಂಗ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ದಾರ ಶಬ್ದ ಪುಲ್ಲಿಂಗ, ಭಾರ್ಯಾ ಸ್ತ್ರೀಲಿಂಗ, ಕಳತ್ರ ನಪುಂಸಕಲಿಂಗ. ವ್ಯಕ್ತಿ ಒಬ್ಬಳೇ, ಲಿಂಗ ಮೂರು. ಕನ್ನಡದಲ್ಲಿ ಹಾಗಿಲ್ಲ, ಅರ್ಥ ನೋಡಿ ಲಿಂಗ. ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಮಿಕ್ಕದ್ದು ಬಂದಿತು. ಹಿಂದಿ ಕಲಿಯುವ ನಮ್ಮ ಮಕ್ಕಳು ತೊಡಕುವುದೂ ಇಲ್ಲಿಯೇ. ಹಿಂದಿಯಲ್ಲಿ ಕಿತಾಬ್ ಎಂದರೆ ಸ್ತ್ರೀಲಿಂಗ, ಅದೇ ಪುಸ್ತಕವನ್ನು ಗ್ರಂಥ್ ಎಂದರೆ ಪುಲ್ಲಿಂಗ. ರೊಟ್ಟಿ ತಿಂದವನು ಗಂಡಸಾದರೂ ಕ್ರಿಯಾಪದವು ರೊಟ್ಟಿಯ ಲಿಂಗಕ್ಕೆ ಹೊಂದಿ ಖಾಯೀ ಎಂದಾಗುತ್ತದೆ. ಕನ್ನಡದ ಮಗು ಹಾಗೆ ಯೋಚಿಸುವುದಿಲ್ಲ, ಅದು ಮಗುವಿನ ತಪ್ಪೂ ಅಲ್ಲ.

ಮೂರನೆಯದು ವಚನ. ಸಂಸ್ಕೃತದಲ್ಲಿ ಏಕವಚನ, ದ್ವಿವಚನ, ಬಹುವಚನ ಎಂದು ಮೂರು. ಕನ್ನಡಕ್ಕೆ ಎರಡೇ ಸಾಕು. ನಮ್ಮ ಆಗಮಗಳ ಭಾಷೆಯಾದ ಪ್ರಾಕೃತದಲ್ಲಿಯೂ ದ್ವಿವಚನವಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ವಾಕ್ಯದ ರಚನೆ. ಸೂರ್ಯನು ಮೂಡಲು ತಾವರೆ ಅರಳಿತು ಎನ್ನುತ್ತೇವೆ. ಇಂತಹ ಕಡೆ ಸಂಸ್ಕೃತವು ಸೂರ್ಯ ಎಂಬ ಶಬ್ದಕ್ಕೂ ಮೂಡು ಎಂಬ ಕ್ರಿಯೆಗೂ ಸಪ್ತಮೀ ವಿಭಕ್ತಿ ಹಚ್ಚುತ್ತದೆ. ಕನ್ನಡದಲ್ಲಿ ಕ್ರಿಯೆಯ ಕೊನೆ ಬದಲಾದರೆ ಸಾಕು, ಸೂರ್ಯನು ಇದ್ದಂತೆಯೇ ಇರುತ್ತಾನೆ. ಇದೇ ಸತಿಸಪ್ತಮಿ. ಕಿವಿಗೆ ಹಿತವಾದರೆ ಸಂಧಿ ಮಾಡು, ಇಲ್ಲವಾದರೆ ಬಿಡು ಎಂಬ ಶ್ರುತಿಸಹ್ಯ ಸಂಧಿ ಇನ್ನೊಂದು. ಕನ್ನಡ ಶಬ್ದವನ್ನೂ ಸಂಸ್ಕೃತ ಶಬ್ದವನ್ನೂ ಮನಬಂದಂತೆ ಬೆಸೆದರೆ ಅದು ಅರಿಸಮಾಸ, ಅಂದರೆ ಹಗೆಗಳ ಕೂಟ. ಮುಖಕಮಲ ಸರಿ, ಮೊಗದಾವರೆಯೂ ಸರಿ, ಮುಖದಾವರೆ ಸಲ್ಲದು. ಆದರೂ ಬಿರುದಾವಳಿಗಳಲ್ಲಿ ಮತ್ತು ಹಿಂದಿನ ಕವಿಗಳ ಬಳಕೆಯಲ್ಲಿ ಬಂದಿದ್ದರೆ ಒಪ್ಪಬಹುದೆಂದು ವಿನಾಯಿತಿ ಕೊಟ್ಟಿದ್ದಾನೆ. ನಿಯಮವೂ ಇರಬೇಕು, ಬಳಕೆಗೂ ಗೌರವ ಇರಬೇಕು ಎಂಬ ಅವನ ನಿಲುವಿನಲ್ಲಿ ಅನೇಕಾಂತದ ದೃಷ್ಟಿ ಕಾಣುತ್ತದೆ.

ಅಪಭ್ರಂಶ ಪ್ರಕರಣವು ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಿಸುತ್ತವೆ ಎಂಬುದಕ್ಕೆ ಮೀಸಲು. ಶ್ರೀ ಎಂಬುದು ಸಿರಿ, ಸಂಧ್ಯಾ ಎಂಬುದು ಸಂಜೆ, ಯಾತ್ರಾ ಎಂಬುದು ಜಾತ್ರೆಯಾದದ್ದು ಈ ದಾರಿಯಲ್ಲಿ. ನಾವು ದಿನಾ ಹೇಳುವ ಬಸದಿ ಎಂಬ ಶಬ್ದವೂ ವಸತಿ ಎಂಬುದರ ತದ್ಭವ. ಶ್ರಮಣನೇ ಸವಣ.

ಜಿನಾಗಮದ ನೆರಳು

ಶಬ್ದ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುವಾಗ ಕೇಶಿರಾಜನ ಜೈನತ್ವ ಸ್ಪಷ್ಟವಾಗುತ್ತದೆ. ಜೀವನ ಇಚ್ಛೆಯಿಂದ, ಅನುಕೂಲವಾದ ವಾಯುವಿನಿಂದ, ನಾಭಿಮೂಲದಲ್ಲಿ ಕಹಳೆಯ ಆಕಾರದಲ್ಲಿ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದು ಅವನು ಹೇಳುತ್ತಾನೆ. ನ್ಯಾಯ ದರ್ಶನದವರಿಗೆ ಶಬ್ದವು ಆಕಾಶದ ಗುಣ. ಜೈನ ಸಿದ್ಧಾಂತದಲ್ಲಿ ಶಬ್ದವು ಪುದ್ಗಲದ ಪರ್ಯಾಯ. ಪುದ್ಗಲವಾದ ಮೇಲೆ ಅದಕ್ಕೆ ವರ್ಣವೂ ಇರಲೇಬೇಕು. ವ್ಯಾಕರಣ ಗ್ರಂಥದ ಒಂದು ಪದ್ಯದಲ್ಲಿ ಅವನು ಇಡೀ ತತ್ತ್ವವನ್ನು ಅಡಗಿಸಿದ್ದಾನೆ.

ವ್ಯಾಕರಣದ ಪ್ರಯೋಜನವನ್ನೂ ಅವನು ಇದೇ ದೃಷ್ಟಿಯಿಂದ ಹೇಳಿದ್ದಾನೆ. ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವಜ್ಞಾನ, ತತ್ತ್ವಜ್ಞಾನದಿಂದ ಮುಕ್ತಿ. ಮಾತು ತಪ್ಪಿದರೆ ಅರ್ಥ ತಪ್ಪುತ್ತದೆ, ಅರ್ಥ ತಪ್ಪಿದರೆ ದಾರಿಯೇ ತಪ್ಪುತ್ತದೆ ಎಂಬ ಎಚ್ಚರಿಕೆ ಇದರಲ್ಲಿದೆ. ಇಷ್ಟು ದೊಡ್ಡ ಕೆಲಸ ಮಾಡಿಯೂ, ದೋಷವಿದ್ದರೆ ತಿಳಿದವರು ವಿಚಾರಿಸಿ ತಿದ್ದಬೇಕು, ಗುಣವಿದ್ದರೆ ಮತ್ಸರವಿಲ್ಲದೆ ಮೆಚ್ಚಬೇಕು ಎಂದು ವಿದ್ವಾಂಸರಲ್ಲಿ ವಿನಯದಿಂದ ಕೇಳಿಕೊಂಡಿದ್ದಾನೆ.

ಭಾಷೆಗಳಿಗೆ ಶಾಸ್ತ್ರ ಬರೆಯುವುದು ಜೈನ ಪರಂಪರೆಯಲ್ಲಿ ಹೊಸದಲ್ಲ. ಪೂಜ್ಯಪಾದರು ಜೈನೇಂದ್ರ ವ್ಯಾಕರಣ ಬರೆದರು. ಗುಜರಾತಿನಲ್ಲಿ ಹೇಮಚಂದ್ರಾಚಾರ್ಯರು ಸಂಸ್ಕೃತದ ಜೊತೆಗೆ ಪ್ರಾಕೃತ, ಅಪಭ್ರಂಶಗಳಿಗೂ ನಿಯಮ ರಚಿಸಿದರು. ತಮಿಳಿನ ನನ್ನೂಲ್ ಎಂಬ ಪ್ರಸಿದ್ಧ ವ್ಯಾಕರಣವನ್ನು ಬರೆದವರು ಪವಣಂದಿ ಎಂಬ ಜೈನ ಮುನಿಗಳು. ಭಗವಾನ್ ಮಹಾವೀರರು ಜನರ ಭಾಷೆಯಲ್ಲಿ ಉಪದೇಶಿಸಿದ್ದರಿಂದ, ಹೋದ ನಾಡಿನ ಭಾಷೆಯನ್ನು ಕಲಿತು ಬೆಳೆಸುವುದು ನಮ್ಮ ಆಚಾರ್ಯರಿಗೆ ಧರ್ಮಕಾರ್ಯವೇ ಆಗಿತ್ತು.

ಉಳಿದದ್ದು ಮತ್ತು ಅಳಿದದ್ದು

ಕೇಶಿರಾಜ ಬರೆದದ್ದು ವ್ಯಾಕರಣ ಮಾತ್ರವಲ್ಲ. ಚೋಳಪಾಲಕ ಚರಿತ, ಚಿತ್ರಮಾಲೆ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಎಂಬ ಕೃತಿಗಳನ್ನೂ ಬರೆದುದಾಗಿ ಅವನೇ ಹೇಳಿಕೊಂಡಿದ್ದಾನೆ. ಅವುಗಳಲ್ಲಿ ಒಂದೂ ಸಿಕ್ಕಿಲ್ಲ. ತಾನು ಪ್ರಮಾಣವಾಗಿ ಹಿಡಿದ ಕವಿಗಳ ಹೆಸರನ್ನು ಅವನು ಕೊಟ್ಟಿದ್ದಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ. ಸುಜನೋತ್ತಂಸನೆಂದರೆ ಶ್ರವಣಬೆಳಗೊಳದ ಗೊಮ್ಮಟ ಸ್ತುತಿಯ ಶಾಸನವನ್ನು ರಚಿಸಿದ ಬೊಪ್ಪಣ ಪಂಡಿತ. ಅವನ ಪದ್ಯಗಳು ಕಲ್ಲಿನ ಮೇಲಿದ್ದುದರಿಂದ ಉಳಿದವು. ಗಜಗನ, ಮನಸಿಜನ ಕಾವ್ಯಗಳು ಓಲೆಯ ಮೇಲಿದ್ದುದರಿಂದ ಗೆದ್ದಲ ಪಾಲಾದವೋ, ಬೆಂಕಿಯ ಪಾಲಾದವೋ, ಇಂದು ಹೆಸರಷ್ಟೇ ಉಳಿದಿವೆ.

1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರದ ಮೇಲೆ ಬಂದಿತು. ಮುಂದೆ ರಾಜ್ಯವೂ ಅಳಿಯಿತು, ಊರು ಹಳೆಯ ಬೀಡಾಯಿತು. ಶಬ್ದಮಣಿದರ್ಪಣ ಮಾತ್ರ ಉಳಿಯಿತು. ಕಾರಣ, ಅದನ್ನು ಓದುವವರು, ನಕಲು ಮಾಡುವವರು ತಲೆಮಾರಿನಿಂದ ತಲೆಮಾರಿಗೆ ಇದ್ದರು. ನಿಷ್ಠುರ ನಂಜಯ್ಯ ಎಂಬ ವೀರಶೈವ ವಿದ್ವಾಂಸನು ಅದಕ್ಕೆ ವ್ಯಾಖ್ಯಾನ ಬರೆದನು. ಜರ್ಮನಿಯಿಂದ ಬಂದ ಕ್ರೈಸ್ತ ಪಾದ್ರಿ ಫರ್ಡಿನಂಡ್ ಕಿಟ್ಟೆಲ್ ಅವರು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಆ ವ್ಯಾಖ್ಯಾನದೊಡನೆ ಅದನ್ನು ಅಚ್ಚು ಹಾಕಿಸಿದರು. 1894ರ ನಿಘಂಟಿಗೂ 1903ರ ವ್ಯಾಕರಣಕ್ಕೂ ಕಿಟ್ಟೆಲ್ ಅವರು ಕೇಶಿರಾಜನಿಂದ ಬಹಳ ನೆರವು ಪಡೆದರು. ಜೈನ ಕವಿಯ ಗ್ರಂಥವನ್ನು ವೀರಶೈವ ವಿದ್ವಾಂಸ ವಿವರಿಸಿದ, ಕ್ರೈಸ್ತ ಪಾದ್ರಿ ಮುದ್ರಿಸಿದ. ಅದು ಇಂದು ಎಲ್ಲ ಕನ್ನಡಿಗರ ಸ್ವತ್ತು.

ಇದರಲ್ಲಿ ನಮ್ಮ ಸಮಾಜಕ್ಕೆ ಒಂದು ಪಾಠವಿದೆ. ಹಳೆಯ ಮನೆಗಳ ಅಟ್ಟದಲ್ಲಿ, ಬಸದಿಗಳ ಪೆಟ್ಟಿಗೆಗಳಲ್ಲಿ ಓಲೆಗರಿಯ ಕಟ್ಟುಗಳು ಇನ್ನೂ ಇರಬಹುದು. ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವುದರಿಂದ ಅವು ಉಳಿಯುವುದಿಲ್ಲ, ಓದಿ ನಕಲು ತೆಗೆದರೆ ಉಳಿಯುತ್ತವೆ. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ, ಮೂಡುಬಿದಿರೆಯ ರಮಾರಾಣಿ ಜೈನ ಸಂಶೋಧನಾ ಸಂಸ್ಥೆಯಂತಹ ಕಡೆ ಅವುಗಳನ್ನು ಜೋಪಾನ ಮಾಡಬಲ್ಲವರಿದ್ದಾರೆ. ನಿಜವಾದ ಶಾಸ್ತ್ರದಾನವೆಂದರೆ ಇದೇ.

ಮುಂದಿನ ಸಲ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋದವರು ಬಸ್ತಿಹಳ್ಳಿಯ ಆ ನುಣುಪು ಕಂಬದ ಮುಂದೆ ಅವರನ್ನು ನಿಲ್ಲಿಸಿ, ಇದೇ ಸೀಮೆಯ ಒಬ್ಬ ಶ್ರಾವಕ ಕವಿ ನಮ್ಮ ಮಾತಿಗೂ ಇಂತಹುದೇ ಒಂದು ಕನ್ನಡಿ ಮಾಡಿಟ್ಟು ಹೋಗಿದ್ದಾನೆ ಎಂದು ತಿಳಿಸಬೇಕು.

ಜೈ ಜಿನೇಂದ್ರ.